ಮನೆಬಾಗಿಲಿನ ಆರೋಗ್ಯಸೇವೆ: ಒಂದು ಅನುಭವ, ಒಂದು ವಿನಂತಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ನೂರು ವರ್ಷಗಳ ಕೃಪೆಯನ್ನು ನೆನೆದು ದೇವರಿಗೆ ವಂದನೆ ಸಲ್ಲಿಸುವ ಈ ಶುಭಸಂದರ್ಭದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಗುರುಗಳು ಅಪ್ಪಣೆ ಕೊಡಿಸಿದ್ದಾರೆ. ನಾವು ಧರ್ಮಶಾಸ್ತ್ರವನ್ನು ಬಲ್ಲವರಲ್ಲ, ವಾಗ್ಮಿಗಳೂ ಅಲ್ಲ. ಈ ದೇವಾಲಯದಲ್ಲಿಯೇ ಜ್ಞಾನಸ್ನಾನ ಪಡೆದು, ಇದರ ಆವರಣದಲ್ಲಿಯೇ ಆಡಿ ಬೆಳೆದು, ಮುಂದೆ ವೈದ್ಯಕೀಯ ಕಾಲೇಜುಗಳಲ್ಲಿ ಸಮುದಾಯ ಆರೋಗ್ಯವೆಂಬ ವಿಷಯವನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದವರು. ಇಲ್ಲಿ 'ನಾವು' ಎಂದಾಗಲೆಲ್ಲ ಆ ವಿಭಾಗಗಳಲ್ಲಿ ಜೊತೆಗೆ ದುಡಿದ ಗೆಳೆಯರೂ, ನಮ್ಮೊಡನೆ ಹಳ್ಳಿಹಳ್ಳಿ ಸುತ್ತಿದ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದ್ದಾರೆಂದು ತಿಳಿಯಬೇಕಾಗಿ ಪ್ರಾರ್ಥನೆ.

ನಮ್ಮ ವಿಭಾಗವು ವಿದ್ಯಾರ್ಥಿಗಳಿಗೆ ಅಷ್ಟೇನೂ ಪ್ರಿಯವಾದುದಲ್ಲ. ಶಸ್ತ್ರಚಿಕಿತ್ಸೆಯಿಂದ ಬದುಕಿದವನು ಹಣ್ಣು ಹೂವು ಹಿಡಿದುಕೊಂಡು ಬಂದು ವೈದ್ಯನಿಗೆ ನಮಸ್ಕರಿಸುತ್ತಾನೆ. ಬಾರದೆ ಹೋದ ಕಾಯಿಲೆಗಾಗಿ ವಂದನೆ ಹೇಳಲು ಯಾರೂ ಬರುವುದಿಲ್ಲ. ರೋಗವನ್ನು ತಡೆಯುವವನ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೆಯೋ ಅಷ್ಟರಮಟ್ಟಿಗೆ ಅದು ಕಣ್ಣಿಗೆ ಕಾಣದಂತಾಗುತ್ತದೆ. ಆದರೂ ಒಂದು ಊರಿನ ಆಯುಷ್ಯವನ್ನು ಹೆಚ್ಚಿಸುವುದು ಬಹುಮಟ್ಟಿಗೆ ಈ ಕಾಣದ ಕೆಲಸವೇ ಸರಿ.

ಈ ಕೆಲಸ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು, ಎಂದರೆ ನಮ್ಮ ವಾಣಿವಿಲಾಸ ಸಾಗರ, 1907ರಲ್ಲಿ ಪೂರ್ಣಗೊಂಡಿತು. ಬರಡು ನೆಲಕ್ಕೆ ನೀರು ಬಂದಿತು. ನಾಲೆಗಳಿಂದ ಸೋರಿ ನಿಂತ ನೀರಿನಲ್ಲಿ ಸೊಳ್ಳೆಯೂ ಹುಟ್ಟಿತು. ಸೊಳ್ಳೆಯ ಹಿಂದೆ ಚಳಿಜ್ವರವೂ ಬಂದಿತು. 1920ರ ದಶಕದ ಕೊನೆಯ ಭಾಗದಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಅಧ್ಯಯನಕ್ಕೆಂದು ಕ್ಷೇತ್ರಕೇಂದ್ರಗಳನ್ನು ತೆರೆದಾಗ, ಅವುಗಳಲ್ಲಿ ಒಂದು ನೆಲೆಗೊಂಡದ್ದು ಹಿರಿಯೂರಿನಲ್ಲಿ. ಆ ಕಾಲದಲ್ಲಿ ಒಂದು ಊರಿನ ಮಲೇರಿಯಾವನ್ನು ಅಳೆಯುತ್ತಿದ್ದ ಕ್ರಮ ಬಹು ಸರಳವಾದುದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆಯ ಎಡಭಾಗವನ್ನು ಮುಟ್ಟಿ, ಎಷ್ಟು ಮಕ್ಕಳ ಗುಲ್ಮ ಊದಿಕೊಂಡಿದೆಯೆಂದು ಎಣಿಸುವುದು. ಬಳಿಕ ನೀರು ನಿಂತ ಗುಂಡಿಗಳಲ್ಲಿ ಸೊಳ್ಳೆಯ ಮರಿಗಳನ್ನು ಹುಡುಕುವುದು. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತವನಿಗೆ ಈ ಎರಡೂ ತಿಳಿಯತಕ್ಕವಲ್ಲ. ನಡೆದು ಹೋದವನಿಗೆ ಮಾತ್ರ ತಿಳಿಯತಕ್ಕವು.

ನಡೆದು ಹೋದ ಮಾತ್ರಕ್ಕೆ ಎಲ್ಲವೂ ತಿಳಿದುಬಿಡುವುದಿಲ್ಲ ಎಂಬ ಪಾಠವನ್ನು ನಾವು ಕಲಿತದ್ದು ಇದೇ ಹಿರಿಯೂರಿನ ಕಡೆಯ ಒಂದು ಹಳ್ಳಿಯಲ್ಲಿ. ಆ ಕಥೆಯನ್ನು ಹೇಳುವುದಕ್ಕಾಗಿಯೇ ಇಂದು ಇಲ್ಲಿ ನಿಂತಿದ್ದೇವೆ.

ಸುಮಾರು 1980ರ ಹೊತ್ತಿನ ಮಾತು. ನಾವು ಆಗ ಕಿರಿಯ ಅಧ್ಯಾಪಕರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಮನೆಮನೆ ಸಮೀಕ್ಷೆಗೆ ಹೊರಟಿದ್ದೆವು. ಕೈಯಲ್ಲಿ ಅಚ್ಚುಮಾಡಿಸಿದ ಪ್ರಶ್ನಾವಳಿ. ಅದರಲ್ಲಿ ಒಂದು ಪ್ರಶ್ನೆ: 'ಕಾಯಿಲೆಯಿದ್ದರೂ ಆಸ್ಪತ್ರೆಗೆ ಹೋಗದಿರಲು ಕಾರಣವೇನು?' ಉತ್ತರಗಳನ್ನು ನಾವೇ ಮುಂಚಿತವಾಗಿ ಬರೆದಿಟ್ಟಿದ್ದೆವು: ಅಜ್ಞಾನ, ಮೂಢನಂಬಿಕೆ, ಬಡತನ, ಇತರೆ. ಗುರುತು ಹಾಕುವುದಷ್ಟೇ ಬಾಕಿ.

ಒಂದು ಮನೆಯ ಜಗಲಿಯ ಮೇಲೆ ಮೂವತ್ತು ಮೂವತ್ತೈದರ ವಯಸ್ಸಿನ ಗಂಡಸೊಬ್ಬ ಕುಳಿತು ಕೆಮ್ಮುತ್ತಿದ್ದ. ಎದೆಗೂಡಿನ ಎಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಅವನ ತಾಯಿಯನ್ನು ನಾವು ಸ್ವಲ್ಪ ಗದರಿಸುವ ಧ್ವನಿಯಲ್ಲಿಯೇ ಕೇಳಿದೆವು: "ಏಕಮ್ಮ, ಇಷ್ಟು ದಿನ ಆಸ್ಪತ್ರೆಗೆ ಏಕೆ ಕರೆದುಕೊಂಡು ಹೋಗಲಿಲ್ಲ?" ಆಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ, ಗೋಡೆಯ ಗೂಡಿನಿಂದ ಒಂದೊಂದಾಗಿ ಐದು ಖಾಲಿ ಸೀಸೆಗಳನ್ನು ತಂದು ನಮ್ಮ ಮುಂದೆ ಇಟ್ಟಳು. "ಹೋಗಿದ್ವಲ್ಲ ಸ್ವಾಮಿ. ಐದು ಸಲ ಹೋಗಿದ್ವಿ. ಹೋದಾಗೆಲ್ಲ ಇದನ್ನೇ ಕೊಟ್ರು" ಎಂದಳು. ಎಲ್ಲವೂ ಕೆಮ್ಮಿನ ಮಿಕ್ಸ್ಚರಿನ ಸೀಸೆಗಳು. ಒಮ್ಮೆಯಾದರೂ ಯಾರೂ ಅವನ ಕಫವನ್ನು ಪರೀಕ್ಷೆ ಮಾಡಿರಲಿಲ್ಲ.

ನಮ್ಮ ಪ್ರಶ್ನಾವಳಿಯಲ್ಲಿ ಈ ಉತ್ತರಕ್ಕೆ ಸ್ಥಳವಿರಲಿಲ್ಲ. ವಿದ್ಯಾರ್ಥಿಯೊಬ್ಬ ಯಾವುದಕ್ಕೆ ಗುರುತು ಹಾಕಬೇಕೆಂದು ನಮ್ಮ ಮುಖ ನೋಡಿದ. 'ಇತರೆ' ಎಂದೆವು.

ಅವನ ಕಫವನ್ನು ಪರೀಕ್ಷೆ ಮಾಡಿಸಲಾಗಿ ಕ್ಷಯವೆಂದು ತಿಳಿಯಿತು. ಔಷಧಿ ಪ್ರಾರಂಭವಾಯಿತು. ನಮ್ಮ ನಾಚಿಕೆ ಪ್ರಾರಂಭವಾದದ್ದು ಆಮೇಲೆ. ಕಾಲೇಜಿಗೆ ಮರಳಿ ಗ್ರಂಥಾಲಯದಲ್ಲಿ ಹುಡುಕುವಾಗ, ಆ ಮುದುಕಿ ಹೇಳಿದ ಮಾತನ್ನು ಹದಿನೇಳು ವರ್ಷಗಳ ಹಿಂದೆಯೇ, ನಮ್ಮ ನೆರೆಯ ಜಿಲ್ಲೆಯ ಜನರ ಬಾಯಿಂದಲೇ ಕೇಳಿ, ಬರೆದು, ಜಗತ್ತಿಗೆ ಸಾರಿದ್ದರೆಂಬುದು ತಿಳಿಯಿತು. ನಾವು ಅದನ್ನು ಓದಿರಲಿಲ್ಲ.

ಆ ವೃತ್ತಾಂತ ಹೀಗಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದುವರೆಗೆ ಕ್ಷಯವೆಂದರೆ ಸ್ಯಾನಟೋರಿಯಂ. ಮೈಸೂರಿನಲ್ಲಿ 1921ರಲ್ಲಿ ಪ್ರಾರಂಭವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ನಮ್ಮ ಹಿರಿಯರಿಗೆಲ್ಲ ಗೊತ್ತು. ಬಿಸಿಲು, ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ; ಇವು ಎಷ್ಟು ಮಂದಿಗೆ ಲಭ್ಯ? ಹಾಸಿಗೆಗಳು ಬೆರಳೆಣಿಕೆಯಷ್ಟು, ರೋಗಿಗಳು ಲಕ್ಷಾಂತರ. ಮದರಾಸಿನಲ್ಲಿ 1956ರಿಂದ ನಡೆದ ಒಂದು ಪ್ರಯೋಗವು, ಮನೆಯಲ್ಲಿಯೇ ಇದ್ದುಕೊಂಡು ಔಷಧಿ ಸೇವಿಸಿದವರೂ ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣಹೊಂದುವರೆಂದೂ, ಹಾಗೆ ಮನೆಯಲ್ಲಿಟ್ಟುಕೊಂಡುದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವಿಲ್ಲವೆಂದೂ ತೋರಿಸಿಕೊಟ್ಟಿತು. ಹಾಗಾದರೆ ಹಳ್ಳಿಯ ರೋಗಿಯನ್ನು ಕಂಡುಹಿಡಿಯುವುದು ಹೇಗೆ? ಇದು ಬೆಂಗಳೂರಿನ ಸಂಸ್ಥೆಯ ಮುಂದಿದ್ದ ಪ್ರಶ್ನೆ. ಅವರು ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಹಿರಿಯೂರಿನಿಂದ ದಕ್ಷಿಣಕ್ಕೆ ಹೊರಟು ಶಿರಾ ಸೀಮೆಗೆ ಕಾಲಿಟ್ಟರೆ ಅದೇ ತುಮಕೂರು ಜಿಲ್ಲೆ. ನಮ್ಮದೇ ನೆಲ, ನಮ್ಮದೇ ರಾಗಿ, ನಮ್ಮದೇ ಬರಗಾಲ.

ಆ ಸಂಸ್ಥೆಯಲ್ಲಿ ದೇವಬರ ಬ್ಯಾನರ್ಜಿ ಎಂಬ ತರುಣ ವೈದ್ಯರಿದ್ದರು. ವೈದ್ಯಶಾಸ್ತ್ರದ ಜೊತೆಗೆ ಮಾನವಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. ಅವರೂ ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರೂ ಕೂಡಿ, ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗಳಿಗೆ ಹೋಗಿ, ಅವರು ಏನನ್ನು ಅನುಭವಿಸಿದರು, ಏನು ಮಾಡಿದರು ಎಂದು ವಿಚಾರಿಸುವ ಅಧ್ಯಯನವೊಂದನ್ನು ನಡೆಸಿದರು. ಅದು 1963ರಲ್ಲಿ ಪ್ರಕಟವಾಯಿತು. ಹಳ್ಳಿಗರಿಗೆ ರೋಗದ ಅರಿವೇ ಇಲ್ಲ, ಅವರನ್ನು ಎಚ್ಚರಿಸಬೇಕು ಎಂಬುದು ಆವರೆಗಿನ ಪಂಡಿತರ ನಂಬಿಕೆ. ಅಧ್ಯಯನದಲ್ಲಿ ಕಂಡುಬಂದದ್ದೇ ಬೇರೆ. ರೋಗಿಗಳಲ್ಲಿ ಹೆಚ್ಚುಕಡಮೆ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಬಹುಪಾಲು ಮಂದಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಹೋದವರನ್ನು ಕೆಮ್ಮಿನ ಔಷಧಿ ಕೊಟ್ಟು ಹಿಂದಕ್ಕೆ ಕಳುಹಿಸಲಾಗಿತ್ತು. ಎಚ್ಚರವಾಗಬೇಕಾದವರು ಹಳ್ಳಿಗರಲ್ಲ, ಆಸ್ಪತ್ರೆಯ ಮೇಜಿನ ಆಚೆ ಕುಳಿತಿದ್ದವರು!

ಈ ಅರಿವಿನ ಮೇಲೆಯೇ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ನಿಂತಿತು. ಕೆಮ್ಮೆಂದು ಬಂದವನ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಿ, ಮನೆಯಲ್ಲಿಯೇ ಔಷಧಿ ಕೊಡುವುದು ಅದರ ತಿರುಳು. ಭಾರತದ ಕ್ಷಯ ನಿಯಂತ್ರಣದಲ್ಲಿ ಹತ್ತು ವರ್ಷ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಲರ್ ಅವರು ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯವು ಎಲ್ಲರ ಹಕ್ಕೆಂದು ರಾಷ್ಟ್ರಗಳೆಲ್ಲ ಸಾರಿದಾಗ ಆ ಸಂಸ್ಥೆಯ ಚುಕ್ಕಾಣಿ ಅವರ ಕೈಯಲ್ಲಿತ್ತು. ಆದರೆ ಕಾಗದದ ಮೇಲಿನ ಕಾರ್ಯಕ್ರಮ ನಮ್ಮ ಹಳ್ಳಿಯ ಆ ಮನೆಯನ್ನು ತಲುಪಿರಲಿಲ್ಲ. ಐದು ಸೀಸೆಗಳೇ ಅದಕ್ಕೆ ಸಾಕ್ಷಿ.

ಇಲ್ಲಿ ನಮ್ಮ ಧರ್ಮಸಭೆಯ ಪಾತ್ರವನ್ನೂ ನೆನೆಯುವುದು ಯುಕ್ತ. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಅವರು 1920ರಲ್ಲಿ ಗುಂಟೂರಿಗೆ ಬಂದು, ಕನ್ಯಾಸ್ತ್ರೀಯಾಗಿದ್ದುಕೊಂಡೇ ವೈದ್ಯವೃತ್ತಿ ನಡೆಸಿದ ಮೊದಲಿಗರಲ್ಲಿ ಒಬ್ಬರಾದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದವರು ಅವರೇ. 1957ರಲ್ಲಿ ಅವರು ದೇಹತ್ಯಾಗ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಆಗಬೇಕೆಂಬ ಅವರ ಕನಸು 1963ರಲ್ಲಿ ಬೆಂಗಳೂರಿನ ಸಂತ ಯೋವಾನರ ವೈದ್ಯಕೀಯ ಕಾಲೇಜಿನ ರೂಪದಲ್ಲಿ ನನಸಾಯಿತು. ಆ ಕಾಲೇಜಿನವರು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ಸೇರಿ ಒಂದು ಆರೋಗ್ಯ ಸಹಕಾರವನ್ನು ಆರಂಭಿಸಿದರು. ರೈತರು ತಾವು ಹಾಕುವ ಹಾಲಿನ ಲೆಕ್ಕದಲ್ಲಿ ಕೆಲವು ಪೈಸೆಗಳನ್ನು ತೆಗೆದಿಟ್ಟು, ತಮ್ಮ ಊರಿನ ಆರೋಗ್ಯಸೇವೆಯ ಖರ್ಚನ್ನು ತಾವೇ ಹೊತ್ತರು. ಅದೇ ಕಾಲೇಜಿನ ಅಧ್ಯಾಪಕರಾಗಿದ್ದ ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ ದಂಪತಿಗಳು ಮತ್ತಿತರರು 1984ರಲ್ಲಿ ಕಾಲೇಜಿನ ಭದ್ರವಾದ ಸ್ಥಾನಗಳನ್ನು ಬಿಟ್ಟು ಸಮುದಾಯ ಆರೋಗ್ಯ ಘಟಕವನ್ನು ಕಟ್ಟಿದರು. ಮುಂದೆ ಥೆಲ್ಮಾ ಅವರು ಲಂಡನ್ನಿನಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸಿದ ವಿಷಯವೂ ಇದೇ: ಭಾರತದ ಕ್ಷಯರೋಗ ಕಾರ್ಯಕ್ರಮದ ನೀತಿ ರೂಪುಗೊಂಡ ಬಗೆ ಮತ್ತು ಅದು ಜಾರಿಗೆ ಬಂದ ಬಗೆ. ಉತ್ತಮ ನೀತಿಯೊಂದು ಬಡವನ ಬಾಗಿಲನ್ನು ಏಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆ ಹಿಡಿದವರು ಅದನ್ನು ಸುಲಭವಾಗಿ ಬಿಡಲಾರರು.

ಇನ್ನು ನಮ್ಮ ಹಳ್ಳಿಯ ಕಥೆಗೆ ಮರಳೋಣ. ಆ ಮನೆಯ ಮಗ ಔಷಧಿಯಿಂದ ಚೇತರಿಸಿಕೊಂಡ. ನಾವು ಸಂತೋಷಪಟ್ಟು, ನಮ್ಮ ವರದಿಯಲ್ಲಿ ಒಂದು ಸಾಲು ಬರೆದು ಮುಗಿಸಿದೆವು. ಮರುವರ್ಷ ಹೋದಾಗ ಅದೇ ಜಗಲಿಯ ಮೇಲೆ ಅವನ ಹೆಂಡತಿ ಕುಳಿತು ಕೆಮ್ಮುತ್ತಿದ್ದಳು. ಆ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದುದನ್ನು ಉಣ್ಣುತ್ತಿದ್ದವಳು ಅವಳು. ಗಂಡನ ಕಾಯಿಲೆಯ ವರ್ಷದಲ್ಲಿ ಕೂಲಿಯಿಲ್ಲದೆ ಮುದ್ದೆ ಸಣ್ಣದಾದಾಗ, ಮೊದಲು ಸಣ್ಣದಾದದ್ದು ಅವಳ ಪಾಲು. ಈ ಸಲ ನಮಗೆ ತಡವಾಗಿತ್ತು, ಅವಳು ಉಳಿಯಲಿಲ್ಲ. ಒಬ್ಬನಿಗೆ ಮಾತ್ರೆ ಕೊಟ್ಟ ನಾವು ಆ ಮನೆಯ ಒಲೆಯ ಕಡೆಗೆ ತಿರುಗಿ ನೋಡಿರಲಿಲ್ಲ.

ನಾವು ನೋಡದೆ ಬಿಟ್ಟುದನ್ನು ಸರಿಯಾಗಿ ನೋಡಿ, ಅಳೆದು ತೋರಿಸಿದವರು ಬಹಳ ವರ್ಷಗಳ ನಂತರ ಬಂದರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಡಾಕ್ಟರ್ ಮಾಧವಿ ಭಾರ್ಗವ ಅವರು 2019ರಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿದರು. 2,800 ಕ್ಷಯರೋಗಿಗಳು, ಅವರೊಡನೆ ಒಂದೇ ಸೂರಿನಡಿ ಬಾಳುವ ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ರೋಗಿಗಳೆಲ್ಲರಿಗೂ ಔಷಧಿಯ ಜೊತೆಗೆ ಪ್ರತಿ ತಿಂಗಳೂ ಆಹಾರಧಾನ್ಯ ಕೊಟ್ಟರು. ಅರ್ಧಭಾಗದ ಕುಟುಂಬಗಳಲ್ಲಿ ಮನೆಯ ಇತರ ಸದಸ್ಯರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೀವಸತ್ವದ ಮಾತ್ರೆಗಳನ್ನು ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಮಂದಿಗೆಲ್ಲ ಆಹಾರ ದೊರೆತ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇಕಡ 40ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯವೂ ಬಹಳ ಇಳಿದಿತ್ತು. ಅಕ್ಕಿ ಮತ್ತು ಬೇಳೆ, ಸ್ವಾಮಿ! ಹಸಿದವನಿಗೆ ಅನ್ನವಿಡುವುದನ್ನು ನಮ್ಮ ಧರ್ಮವು ಕರುಣೆಯ ಕಾರ್ಯಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ಅದು ರೋಗವನ್ನು ತಡೆಯುವ ಔಷಧಿಯೂ ಹೌದೆಂದು ಈಗ ವಿಜ್ಞಾನವು ಲೆಕ್ಕಹಾಕಿ ಹೇಳುತ್ತಿದೆ.

ಸಹೋದರ ಸಹೋದರಿಯರೇ, ಇದೆಲ್ಲವೂ ಹಿರಿಯೂರಿನ ಹಳ್ಳಿಯ ಮಾತು, ಜಾರ್ಖಂಡಿನ ಮಾತು, ನಮ್ಮ ಮನೆಗಳ ಮಾತಲ್ಲ ಎಂದು ತಿಳಿಯಬೇಡಿ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಂದಿಗೂ ನಮ್ಮ ದೇಶದವರೇ. ನಮ್ಮ ಈ ಧರ್ಮಕೇಂದ್ರದಲ್ಲಿಯೇ ನಡೆದುದನ್ನು, ಹೆಸರನ್ನಾಗಲಿ ಕಾಲವನ್ನಾಗಲಿ ಹೇಳದೆ, ಅರಿಕೆ ಮಾಡುತ್ತೇವೆ. ಹೆಣ್ಣುಮಗಳೊಬ್ಬಳಿಗೆ ಕ್ಷಯವೆಂದು ತಿಳಿದಾಗ ಮನೆಯವರು ಅದನ್ನು ಮುಚ್ಚಿಟ್ಟರು. ಗಂಡಿನ ಕಡೆಯವರು ನೋಡಲು ಬರುವ ಸಮಯಕ್ಕೆ ಮಾತ್ರೆಯ ಪೊಟ್ಟಣ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯದಿಂದ ಔಷಧಿಯನ್ನು ಅರ್ಧಕ್ಕೇ ನಿಲ್ಲಿಸಿದರು. ರೋಗ ಮರುಕಳಿಸಿತು, ಎರಡನೆಯ ಸಲ ಅದು ಹಿಂದಿನ ಔಷಧಿಗೆ ಮಣಿಯಲಿಲ್ಲ. ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಪ್ರತಿ ಭಾನುವಾರವೂ ಬಲಿಪೂಜೆಯಲ್ಲಿ ಅವಳ ಪಕ್ಕದಲ್ಲಿ ಮೊಣಕಾಲೂರಿದವರು ನಾವು. ಅವಳು ಹೆದರಿದ್ದು ರೋಗಕ್ಕಲ್ಲ, ನಮ್ಮ ಬಾಯಿಗೆ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಕೇಳುವುದು. ಮನೆಗಳಿಗೆ ಭೇಟಿ ಕೊಡುವುದು ನಮಗೆ ಹೊಸದಲ್ಲ. ಸಂತ ವಿನ್ಸೆಂಟ್ ಡಿ ಪಾಲರ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದಂದಿನಿಂದಲೂ ಬಡವರ ಮನೆಗೆ ಹೋಗುವುದೇ ಅದರ ಮುಖ್ಯ ಕಾಯಕ. ಇನ್ನು ಮುಂದೆ ಯಾವ ಮನೆಗೆ ಹೋದರೂ, ಜಾತಿಮತಗಳ ಭೇದವೆಣಿಸದೆ, ಒಂದು ಪ್ರಶ್ನೆಯನ್ನು ಕೇಳೋಣ: ಎರಡು ವಾರಕ್ಕೂ ಮೀರಿ ಕೆಮ್ಮುತ್ತಿರುವವರು, ಸಂಜೆಯ ಜ್ವರದಿಂದ ಬಳಲುತ್ತಿರುವವರು, ಕಾರಣವಿಲ್ಲದೆ ಸೊರಗುತ್ತಿರುವವರು ಯಾರಾದರೂ ಇದ್ದಾರೆಯೇ? ಇದ್ದರೆ 'ಆಸ್ಪತ್ರೆಗೆ ಹೋಗಿ' ಎಂದು ಹೇಳಿ ಬರುವುದು ಸಾಲದು, ಜೊತೆಯಲ್ಲಿ ಹೋಗಬೇಕು. ಕಫ ಪರೀಕ್ಷೆಯಾಗದೆ ಬರಿಯ ಸೀಸೆ ಹಿಡಿದು ಹಿಂದಿರುಗಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಎರಡನೆಯದು, ಉಣಿಸುವುದು. ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಸರ್ಕಾರವು 2018ರಿಂದ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. 2022ರಿಂದ 'ನಿಕ್ಷಯ ಮಿತ್ರ' ಎಂಬ ಯೋಜನೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳ ಆಹಾರದ ಹೊಣೆ ಹೊರಲು ಅವಕಾಶವಿದೆ. ನಮ್ಮ ಹಬ್ಬದ ಊಟದ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟರೂ ಹಲವು ಮನೆಗಳಿಗೆ ಆರು ತಿಂಗಳ ಅಕ್ಕಿಬೇಳೆಯಾದೀತು. ರೋಗಿಗೆ ಮಾತ್ರವಲ್ಲ, ಮನೆಯವರಿಗೆಲ್ಲ ಕೊಡೋಣ. ಕೊಡುವಾಗ ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ವಿಚಾರಿಸೋಣ.

ಮೂರನೆಯದು, ನಾಲಗೆಯನ್ನು ಕಾಯುವುದು. ಕ್ಷಯವು ವಂಶದ ಕಳಂಕವಲ್ಲ, ಪಾಪದ ಫಲವೂ ಅಲ್ಲ. ಗಾಳಿಯಿಂದ ಹರಡುವ, ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ವಾಸಿಯಾಗುವ ಒಂದು ರೋಗ. ಗುಣವಾದ ಹೆಣ್ಣುಮಗಳನ್ನು ಸೊಸೆಯಾಗಿ ತಂದುಕೊಳ್ಳಲು ಹಿಂಜರಿಯುವ ಮನೆ ತನ್ನನ್ನು ಕ್ರೈಸ್ತರ ಮನೆಯೆಂದು ಕರೆದುಕೊಳ್ಳುವ ಮುನ್ನ ಒಮ್ಮೆ ಯೋಚಿಸಲಿ.

ನಮ್ಮ ಪೂರ್ವಿಕರು ಈ ದೇವಾಲಯದ ಕಲ್ಲುಗಳನ್ನು ಹೊತ್ತರು. ಅವರಲ್ಲಿ ಎಷ್ಟೋ ಮಂದಿ ಚಳಿಜ್ವರಕ್ಕೂ ಕ್ಷಯಕ್ಕೂ ತುತ್ತಾಗಿ ಇದೇ ಊರಿನ ಮಣ್ಣಿನಲ್ಲಿ ಮಲಗಿದ್ದಾರೆ. ಅವರ ಕಾಲಕ್ಕೆ ಕ್ಷಯಕ್ಕೆ ಔಷಧಿಯಿರಲಿಲ್ಲ. ನಮ್ಮ ಕಾಲಕ್ಕೆ ಇದೆ. ಆ ಐದು ಸೀಸೆಗಳನ್ನಿಟ್ಟ ತಾಯಿಗೆ ಅಂದು ನಾವು ಕ್ಷಮೆ ಕೇಳಲಿಲ್ಲ. ಪ್ರಶ್ನಾವಳಿಯನ್ನು ಮಡಚಿಕೊಂಡು ಎದ್ದುಬಂದೆವು. ಇಂದು ನಿಮ್ಮೆಲ್ಲರ ಎದುರಿನಲ್ಲಿ ಕೇಳುತ್ತಿದ್ದೇವೆ. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ಯಾವ ತಾಯಿಯೂ ಅಂತಹ ಸೀಸೆಗಳನ್ನು ಕೂಡಿಡುವಂತಾಗದಿರಲಿ.

ದೇವರು ನಮ್ಮೆಲ್ಲರನ್ನೂ ಹರಸಲಿ.